ಖುಲಾಸೆಯಾದವನ ಯಂತ್ರ

ಹದಿನಾಲ್ಕನೇ ತಾರೀಕು, ಸೋಮವಾರ, ಬೆಳಗ್ಗೆ 10.20. ಬೀಗದ ಕೀ ಮಾಡುವವನೊಬ್ಬ ಮೇಲಿನ ಕೋರ್ಟಿನ ಆದೇಶ ಹಿಡಿದು ಠಾಣೆಗೆ ಬಂದ. ಆರು ವರ್ಷದ ಹಿಂದೆ, ಕಳ್ಳರಿಗೆ ಕೀ ಮಾಡಿಕೊಟ್ಟನೆಂದು ಅವನಿಗೆ ಶಿಕ್ಷೆಯಾಗಿತ್ತು. ಈಗ ಅದು ರದ್ದಾಗಿದೆ. ಜಪ್ತಿ ಮಾಡಿದ ಕೀ ಕತ್ತರಿಸುವ ಯಂತ್ರವನ್ನು ಹಿಂದಿರುಗಿಸಿ ಎಂದಿತ್ತು ಆದೇಶ. ಗುರುವಾರ ಅಂಗಡಿ ತೆರೆಯಬೇಕು, ಯಂತ್ರ ಬಂದರೆ ತಾನು ಮತ್ತೆ ಮನುಷ್ಯ ಎಂದ.

ಜಪ್ತಿಯಾದ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯ ಉಸ್ತುವಾರಿ ಹೆಡ್ ಕಾನ್‌ಸ್ಟೆಬಲ್ ಕೋರ್ಟಿಗೆ ಹೋಗಿದ್ದರಿಂದ ಇನ್‌ಸ್ಪೆಕ್ಟರೇ ಬಾಗಿಲು ತೆಗೆಸಿದರು. ಪೆಟ್ಟಿಗೆಯ ಅರಗಿನ ಮೊಹರು ಗಟ್ಟಿಯಾಗಿತ್ತು. ಮಹಿಳಾ ಕಾನ್‌ಸ್ಟೆಬಲ್ ಅದನ್ನು ಒಡೆದು ಮುಚ್ಚಳ ಎತ್ತಿದರೆ, ಒಳಗೆ ಗೋಣಿಯಲ್ಲಿ ಸುತ್ತಿದ ಹಾಸುಗಲ್ಲು.

ಊರಿನ ಕಳ್ಳತನಗಳಿಗೆಲ್ಲ ಎಫ್‌ಐಆರ್ ಬರೆಯುವ ಠಾಣೆಗೇ ಕನ್ನ ಬಿದ್ದರೆ ಯಾವ ಮುಖ ಹೊತ್ತು ಬರೆಯುವುದು? ಆದರೂ ಬರೆದರು. 11.40ಕ್ಕೆ ಇಬ್ಬರು ಪಂಚರೆದುರು ಪಂಚನಾಮೆ ನಡೆಯಿತು.

ಪೆಟ್ಟಿಗೆಯ ಚೀಟಿ ಓದುತ್ತಿದ್ದ ಇನ್‌ಸ್ಪೆಕ್ಟರ್ ತಾರೀಕನ್ನು ಮತ್ತೊಮ್ಮೆ ಓದಿದರು. ಜಪ್ತಿಯಾಗಿ ಆರು ವರ್ಷ. ಮೊಹರು ಹಾಕಿದ ತಾರೀಕು ಮಾತ್ರ ಮೂರು ವರ್ಷದ ಹಿಂದಿನದು. ದುಂಡು ಅಕ್ಷರ ಯಾರದೆಂದು ಕೇಳುವಂತಿರಲಿಲ್ಲ. ಮೊಹರು ಹಾಕಿದ ದಿನವನ್ನು ಅಂದೇ ಬರೆಯದಿದ್ದರೆ ಕೋರ್ಟಿನಲ್ಲಿ ಮಾನ ಹೋಗುತ್ತದೆಂದು, ಹೊಸದಾಗಿ ಕೆಲಸಕ್ಕೆ ಸೇರಿದ್ದ ತಮಗೆ ಹೇಳಿಕೊಟ್ಟವನೇ ಆ ಹೆಡ್ ಕಾನ್‌ಸ್ಟೆಬಲ್. ಕದಿಯುವಾಗಲೂ ಕೈಯ ರೂಢಿ ತಪ್ಪಿರಲಿಲ್ಲ.

2.15ಕ್ಕೆ ಹೆಡ್ ಕಾನ್‌ಸ್ಟೆಬಲ್ ಹಿಂದಿರುಗಿದ. ಇನ್‌ಸ್ಪೆಕ್ಟರ್ ಚೀಟಿಯನ್ನು ಮೇಜಿನ ಮೇಲಿಟ್ಟರು.

"ಯಾರ ಕೈಬರಹ?"

"ನಂದೇ ಸಾರ್."

"ಯಂತ್ರ ಎಲ್ಲಿ?"

"ಅಳಿಯನ ಅಂಗಡೀಲಿ."

ಇನ್‌ಸ್ಪೆಕ್ಟರಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಳು ಬಂತು. ಅಪ್ಪನಂತೆ ನಂಬಿದ್ದ ಮನುಷ್ಯ. ಯಾಕೆ ಎಂದು ಕೇಳಿದಾಗ ಅವನು ತಲೆ ತಗ್ಗಿಸಿಯೇ ಹೇಳಿದ. ಅಳಿಯನಿಗೆ ಕೆಲಸವಿರಲಿಲ್ಲ, ಮಗಳು ತವರು ಸೇರಿದ್ದಳು. ಯಂತ್ರ ಕಣ್ಣೆದುರೇ ತುಕ್ಕು ಹಿಡಿಯುತ್ತಿತ್ತು.

"ಇಪ್ಪತ್ತೆಂಟು ವರ್ಷ ಆ ಕೋಣೆ ಕಾದೆ ಸಾರ್. ಶಿಕ್ಷೆ ಆದವ್ನು ಒಬ್ನೂ ವಾಪಸ್ ಬಂದು ನನ್ ಸಾಮಾನು ಕೊಡಿ ಅಂದಿಲ್ಲ. ಇವ್ನು ಬರ್ತಾನೆ ಅಂತ ಯಾರಿಗೆ ಗೊತ್ತಿತ್ತು?"

2.50ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಬೆಲ್ಟು, ಟೋಪಿ ತಾನೇ ಬಿಚ್ಚಿಟ್ಟ.

4.10ಕ್ಕೆ ಅಳಿಯನ ಅಂಗಡಿ. ಕೀ ಮಾಡುವವನು ಯಂತ್ರದ ಅಡಿಗೆ ಕೈ ಹಾಕಿ, ಹೆಬ್ಬೆರಳಿಗೆಂದು ತಾನೇ ಅರದಿಂದ ಉಜ್ಜಿದ್ದ ಕಚ್ಚು ಮುಟ್ಟಿ ನೋಡಿದ. ಅವನ ಕಣ್ಣು ತುಂಬಿತು. ಎತ್ತಿಕೊಳ್ಳಲು ಬಾಗಿದಾಗ ಮಹಿಳಾ ಕಾನ್‌ಸ್ಟೆಬಲ್ ಮೆಲ್ಲಗೆ ತಡೆದರು. ಅವರ ಕೈಯಲ್ಲಿ ಅರಗು, ದಾರ, ಹೊಸ ಚೀಟಿ.

ಇದು ಈಗ ಹೊಸ ಪ್ರಕರಣದ ಮುದ್ದೆಮಾಲು, ಕೋರ್ಟು ಅನುಮತಿ ಕೊಡುವವರೆಗೆ ಬಿಡುವಂತಿಲ್ಲ ಎಂದು ಇನ್‌ಸ್ಪೆಕ್ಟರ್ ವಿವರಿಸಿದರು. ನೀವು ನಾಳೆಯೇ ಅರ್ಜಿ ಹಾಕಿ, ನಮ್ಮ ತಕರಾರಿಲ್ಲವೆಂದು ನಾನೇ ಬರೆದುಕೊಡುತ್ತೇನೆ ಎಂದರು. ತಮ್ಮ ಮಾತು ತಮಗೇ ನಾಚಿಕೆ ತಂದಿತು.

ಕೀ ಮಾಡುವವನು ಯಂತ್ರದಿಂದ ಕೈ ತೆಗೆದ.

"ಅವತ್ತು ನಾನು ಕಳ್ಳ ಅಂತ ತಗೊಂಡು ಹೋದ್ರಿ," ಎಂದ. "ಇವತ್ತು ನಾನು ಕಳಕೊಂಡವ್ನು ಅಂತ ತಗೊಂಡು ಹೋಗ್ತಿದ್ದೀರಿ. ಎಲ್ಲಿ ಸೈನ್ ಮಾಡ್ಲಿ, ಹೇಳಿ."