ನಲವತ್ತು ಸಲ ಯಕ್ಷಿತಾ

"ಎಂತದಿದು ದೇವಾನಂದ್? ನಲವತ್ತು ಸರ್ಟಿಫಿಕೇಟಿನಲ್ಲೂ ನನ್ನದೇ ಹೆಸರುಂಟು!"

ಬೆಳಿಗ್ಗೆ ಒಯ್ದಿದ್ದ ಕಟ್ಟನ್ನು ಹಿಡಿದು ಯಕ್ಷಿತಾ ಜೋಗೇಶ್ವರಿಯ ಆ ಪುಟ್ಟ ಪ್ರಿಂಟಿಂಗ್ ಪ್ರೆಸ್ಸಿನ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದಳು. ಭಾಂಡುಪ್‌ನಲ್ಲಿ ಅವಳು ಹೊಲಿಗೆ ಕಲಿಸಿದ ನಲವತ್ತು ಹೆಂಗಸರಿಗೆ ಸಂಜೆ ನಾಲ್ಕಕ್ಕೆ ಸರ್ಟಿಫಿಕೇಟ್ ಕೊಡುವುದಿತ್ತು. ಈಗಲೇ ಒಂದೂವರೆ.

ದೇವಾನಂದನ ಮುಖ ಬಿಳುಚಿತು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಅವನು ಒಂದು ಸಾಲಿನ ಕಮಾಂಡ್ ಹೊಡೆದರೆ ಸಾಕು, ಟೆಂಪ್ಲೇಟಿನ ಖಾಲಿ ಜಾಗಕ್ಕೆ ಫೈಲಿನಲ್ಲಿದ್ದ ಹೆಸರುಗಳು ಒಂದೊಂದಾಗಿ ಹೋಗಿ ಕೂರುತ್ತಿದ್ದವು. ನಿನ್ನೆ ಅವಸರದಲ್ಲಿ ಹೆಂಗಸರ ಪಟ್ಟಿಯ ಬದಲು ಪ್ರಯೋಗಕ್ಕೆಂದು ಅವಳ ಹೆಸರು ತುಂಬಿದ್ದ ತನ್ನ ಟೆಸ್ಟ್ ಫೈಲನ್ನೇ ಕೊಟ್ಟುಬಿಟ್ಟಿದ್ದ.

"ತಪ್ಪಾತ್ರಿ. ಪಟ್ಟಿ ಬದಲಿ ಟೆಸ್ಟ್ ಫೈಲ್ ಕೊಟ್ಟೀನಿ. ಹತ್ತು ನಿಮಿಷ ಕೊಡ್ರಿ."

ಕಮಾಂಡ್ ಎರಡು ಸಲ ತಪ್ಪಿತು. ಅವಳು ಕುರ್ಚಿಯ ಹಿಂದೆಯೇ ನಿಂತು ಬಗ್ಗಿ ನೋಡುತ್ತಿದ್ದಳು. ಜಡೆ ಅವನ ಭುಜಕ್ಕೆ ತಾಗಿತು. ಮೂರನೆಯ ಸಲವೂ ತಪ್ಪಿತು.

ಕೊನೆಗೂ ಪ್ರಿಂಟರ್ ಸದ್ದು ಮಾಡಿತು. ಕಸ್ತೂರಿಬಾಯಿ, ನೀಲಾವತಿ, ಸೇವಂತಿ... ಯಕ್ಷಿತಾ ಎಲ್ಲವನ್ನೂ ಜೋಡಿಸಿಕೊಂಡಳು. ಆದರೆ ಹೊರಡಲಿಲ್ಲ.

"ಟೆಸ್ಟಿಗೆ ಒಂದು ಹೆಸರು ಸಾಕಲ್ವಾ? ನಲವತ್ತು ಸಲ ಯಾಕೆ ಬರೆದದ್ದು?"

"ಕಾಪಿ-ಪೇಸ್ಟ್..." ಎಂದು ತಡವರಿಸಿದ. ಆಮೇಲೆ ತಲೆಯೆತ್ತಿದ. "ಸುಳ್ಳು ರೀ. ಒಂದೊಂದೂ ಟೈಪ್ ಮಾಡೀನಿ. ಶುರು ಮಾಡಿದ ಮ್ಯಾಲ ನಿಲ್ಲಸಾಕ ಆಗಲಿಲ್ಲ."

ಯಕ್ಷಿತಾಳ ಕಿವಿ ಕೆಂಪಾಯಿತು. ಬರಲಿದ್ದ ನಗು ಅರ್ಧಕ್ಕೇ ನಿಂತಿತು.

"ಆರು ತಿಂಗಳಿಂದ ಇಲ್ಲಿಗೆ ಬರ್ತಿದ್ದೇನೆ. ಈಗ ಹೇಳುದಾ ನೀವು? ಆದಿತ್ಯವಾರ ದಹಿಸರ್‌ನಿಂದ ಹುಡುಗನ ಕಡೆಯವರು ನನ್ನನ್ನು ನೋಡ್ಲಿಕ್ಕೆ ಬರ್ತಾರೆ."

ಅವನು ಎದ್ದು ನಿಂತ, ಕೂತ, ಮತ್ತೆ ಎದ್ದ.

"ಅವರು ಬರೋದು ಬ್ಯಾಡ್ರಿ. ನಾ ಬರ್ತೀನಿ."

ಅವಳು ಫೋನ್ ತೆಗೆದು ಅಮ್ಮನಿಗೆ ಕಾಲ್ ಮಾಡಿದಳು. ಮಾತೆಲ್ಲ ತುಳುವಿನಲ್ಲಿ. ಕಲಬುರಗಿ ಕಡೆಯ ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳ ದನಿ ಏರಿತು, ಇಳಿಯಿತು. ಆ ಕಡೆಯಿಂದ ಬೈಗುಳದಂಥದ್ದೇನೋ ಕೇಳಿತು. ಆಗಲ್ಲ ಅಂದರೇನೋ ಎಂದುಕೊಂಡ.

ಯಕ್ಷಿತಾ ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದಳು. ಕಣ್ಣಂಚು ಒದ್ದೆಯಾಗಿತ್ತು, ತುಟಿಯಲ್ಲಿ ನಗುವಿತ್ತು.

"ಅಮ್ಮ ಕೇಳ್ತಿದ್ದಾರೆ. ಆದಿತ್ಯವಾರ ನೀವು ಎಷ್ಟು ಗಂಟೆಗೆ ಬರುದು?"