ಭಟ್ಟರ ಬಾಯಿ ಬಿಡಿಸಿದ್ದು

"ಕಲ್ಲಿನ ಬಾಯಿಯನ್ನೂ ಬಿಡಿಸುತ್ತಾನೆ ಈ ಬಾಲು!" ಸೂರತ್‌ನ ನಮ್ಮ ಗಲ್ಲಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಹೀಗೇ ಹೇಳುತ್ತಾರೆ. ಬಾಲು ಅಂದರೆ ನಾನೇ, ಬಾಲಚಂದ್ರ, ಐದನೇ ಕ್ಲಾಸು. ನಮ್ಮ ಹೋಟೆಲಿನ ಅಡುಗೆ ಭಟ್ಟರು ಊಟದ ಹೊತ್ತಿಗೆ ಮೌನ ಹಿಡಿದರೆ ಸಾಕ್ಷಾತ್ ಪೊಲೀಸರು ಬಂದರೂ ತುಟಿ ಬಿಚ್ಚುವುದಿಲ್ಲ. ಅಂಥವರನ್ನು ಒಂದೇ ಒಂದು ಡೈಲಾಗಿನಲ್ಲಿ ಮಾತಾಡಿಸಿದವನು ನಾನು!

ನಂಬಿಕೆ ಬರಲಿಲ್ಲವೇ? ಹಾಗಾದರೆ ಕೇಳಿ.

ಅವತ್ತು ಭಾನುವಾರ ಬೆಳಿಗ್ಗೆ. ಹೋಟೆಲಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹಿಂದಿನ ಉಗ್ರಾಣದ ಕೋಣೆಯಲ್ಲಿ, ಅಕ್ಕಿ ಮೂಟೆಗಳ ನಡುವೆ, ರಾಮಚಂದ್ರ ಭಟ್ಟರು ಎಲೆಯ ಮುಂದೆ ಕೂತಿದ್ದರು. ಅನ್ನ ಬಡಿಸಿತ್ತು. ಎಲೆಯ ಸುತ್ತ ನೀರು ಕಟ್ಟಿ, ಕಣ್ಣು ಮುಚ್ಚಿದ್ದರು.

ಬಾಗಿಲ ಸಂದಿಯಲ್ಲಿ ನಾನು ಮತ್ತು ಕಿರೀಟ್. ಮೇಲಿನ ಮನೆಯ ಹುಡುಗ ಅವನು, ನನ್ನ ಕ್ಲಾಸ್‌ಮೇಟ್.

"ಭಟ್ಟರನ್ನು ಮಾತಾಡಿಸಿದರೆ ನನ್ನ ಗಾಳಿಪಟದ ಫಿರ್ಕಿ ನಿನಗೆ, ಸುತ್ತಿದ ಮಾಂಜಾ ದಾರದ ಸಮೇತ," ಅಂದ. "ಆಗದಿದ್ದರೆ ನಿನ್ನ ಗಾಳಿಪಟ ಎಲ್ಲಾ ನನಗೆ. ಬೋಲ್!"

"ಲಗಾ ಶರ್ತ್!" ಎಂದು ಪಂಥ ಕಟ್ಟಿದೆ.

ಮೊದಲು ವಿಲನ್ ಆದೆ. ಒಳಗೆ ನುಗ್ಗಿ, ಸೌಟನ್ನು ಪಿಸ್ತೂಲಿನಂತೆ ಹಿಡಿದೆ. "ಹ್ಹಹ್ಹಹ್ಹಾ! ಭಟ್ಟ! ನಿಧಿ ಎಲ್ಲಿದೆ ಹೇಳು! ಇಲ್ಲದಿದ್ದರೆ ಈ ಎಲೆಯೇ ನಿನ್ನ ಕೊನೆಯ ಎಲೆ!"

ಭಟ್ಟರು ಕಣ್ಣೂ ತೆರೆಯಲಿಲ್ಲ. ಅವರ ಮುಖ ಎಷ್ಟು ಶಾಂತವಾಗಿತ್ತೆಂದರೆ, ಯಾರೋ ಇಷ್ಟವಾದವರು ಎದುರಿಗೆ ಬಂದು ಕೂತ ಹಾಗೆ ಕಾಣುತ್ತಿತ್ತು.

ಸಂದಿಯಿಂದ ಕಿರೀಟ್ ಕಿಸಿಕಿಸಿ ನಕ್ಕ. ನನಗೆ ರೋಷ ಬಂತು. ಪಕ್ಕದ ಅಡುಗೆಮನೆಗೆ ಓಡಿ, ಒಲೆಯ ಬಳಿ ಒಂದು ತಪ್ಪಲೆಯನ್ನು ಢಣ್ ಎಂದು ಕೆಡವಿ ಕಿರುಚಿದೆ.

"ಅಮ್ಮಾ! ಎಣ್ಣೆ! ಕೈ ಸುಟ್ಟಿತು! ಸತ್ತೇ, ನಾನು ಸತ್ತೇ!"

ಭಟ್ಟರು ಎದ್ದು ಓಡಿ ಬಂದರು. "ಅಯ್ಯೋ ಮಾಣಿ! ಎಂತ ಆಯ್ತಾ? ಎಲ್ಲಿ, ಕೈ ತೋರ್ಸು! ತೋರ್ಸು ಮಗಾ!"

"ಬೋಲ್ಯಾ! ಬೋಲ್ಯಾ! ಮಾತಾಡಿಬಿಟ್ಟರು!" ಕಿರೀಟ್ ಚಪ್ಪಾಳೆ ತಟ್ಟಿ ಕುಣಿದ.

ಭಟ್ಟರು ನನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಿರೀಟನನ್ನೂ ನೋಡಿದರು. ನನ್ನ ಕೈ ಬಿಟ್ಟರು. ಒಳಗೆ ಹೋಗಿ ಎಲೆ ಮಡಚಿದರು.

ಅಷ್ಟರಲ್ಲಿ ಅಮ್ಮ ಓಡಿ ಬಂದಳು. "ಇದೆಂತದು ಭಟ್ರೇ, ಉಣ್ಲೇ ಇಲ್ವಲ್ಲ?"

"ಮಾತಾಡಿದೆ ಯಶೋದಕ್ಕ. ಎಲೆಯಿಂದ ಎದ್ದೂ ಆಯ್ತು. ಇನ್ನು ಊಟ ನಾಳೆಯೇ."

"ನಿನ್ನೆ ಏಕಾದಶಿ! ಒಂದು ಹನಿ ನೀರು ಸಹ ಕುಡಿದವರಲ್ಲ ನೀವು!" ಅಮ್ಮ ನನ್ನ ಕಡೆ ತಿರುಗಿದಳು. "ಕತ್ತೆ! ಎಂತ ಮಾಡಿದೆ?"

"ಬೈಬೇಡಿ," ಅಂದರು ಭಟ್ಟರು. "ನೀರು ಕುಡೀತೇನೆ, ಸಾಕು."

ಹಿಂದಿನ ದಿನವಿಡೀ ಉಪವಾಸವಿದ್ದು ಅವರು ಊರಿಗೆಲ್ಲ ದೋಸೆ ಹುಯ್ದಿದ್ದರು. ಅವತ್ತೂ ಹಾಗೇ ಹುಯ್ದರು. "ದೋ ಮಸಾಲಾ, ಏಕ್ ಸಾದಾ!" ಎಂದು ಹೊರಗಿನಿಂದ ಕೂಗು ಬರುತ್ತಲೇ ಇತ್ತು. ಒಮ್ಮೆ ಅವರು ಗೋಡೆ ಹಿಡಿದು ನಿಂತದ್ದನ್ನು ನಾನು ನೋಡಿದೆ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಮೆಲ್ಲಗೆ ಹೋಗಿ ಕೇಳಿದೆ. "ಭಟ್ರೇ, ಊಟಕ್ಕೆ ಕೂತಾಗ ಯಾಕೆ ಮಾತಾಡುದಿಲ್ಲ ನೀವು?"

ಅವರು ಬೆವರು ಒರೆಸಿಕೊಂಡರು. "ಇಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಗಲಾಟೆಯೇ ಅಲ್ವಾ ಮಾಣಿ? ಅಷ್ಟು ಹೊತ್ತು ಮಾತ್ರ ನಾನೊಬ್ಬನೇ. ನಾನು ಸುಮ್ಮನೆ ಕೂತ್ರೆ ಅವನು ಬರ್ತಾನೆ."

"ಯಾರು, ದೇವರಾ?"

"ಹೂಂ."

"ಇವತ್ತು ಬಂದಿದ್ನಾ?"

ಭಟ್ಟರು ಕಾವಲಿಗೆ ನೀರು ಚಿಮುಕಿಸಿದರು. ಚುಂಯ್ ಎಂದಿತು.

"ಬರ್ತಾ ಇದ್ದ," ಅಂದರು. "ಇರ್ಲಿ. ನಿನ್ನ ಕೈ ಸುಡ್ಲಿಲ್ವಲ್ಲ."



ಮರುದಿನ ಭಟ್ಟರು ಮತ್ತೆ ಎಲೆಯ ಮುಂದೆ ಕೂತರು. ಕಣ್ಣು ಮುಚ್ಚಿದರು. ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಸದ್ದಾಯಿತು. ತಟ್ಟನೆ ಕಣ್ಣು ತೆರೆದು ಒಲೆಯ ಕಡೆ ನೋಡಿದರು. ಮತ್ತೆ ಮುಚ್ಚಿದರು, ಮತ್ತೆ ನೋಡಿದರು. ಅವರು ಹುಡುಕುತ್ತಿದ್ದುದು ನನ್ನನ್ನೇ.

ನಾನು ಸದ್ದಿಲ್ಲದೆ ಹೋಗಿ ಅವರಿಗೆ ಕಾಣುವ ಹಾಗೆ ಹೊಸ್ತಿಲ ಮೇಲೆ ಕೂತೆ. ಎರಡೂ ಕೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡೆ. ಭಟ್ಟರು ನೋಡಿದರು, ಕಣ್ಣು ಮುಚ್ಚಿದರು. ಆದರೂ ಅವರ ಮುಖ ಹಿಂದಿನ ದಿನದ ಹಾಗೆ ಶಾಂತವಾಗಲಿಲ್ಲ.

ಒಂದೇ ಡೈಲಾಗಿನಲ್ಲಿ ಮಾತಾಡಿಸಿದೆ ಅಂತ ಶುರುವಿನಲ್ಲಿ ಅಂದೆನಲ್ಲ, ಅದು ಸುಳ್ಳು. ನನ್ನ ಡೈಲಾಗಿಗೆ ಭಟ್ಟರು ಬಾಯಿ ಬಿಡಲೇ ಇಲ್ಲ. ನನಗೆ ನೋವಾಯಿತು ಅಂದುಕೊಂಡು ಮಾತಾಡಿದರು, ಅಷ್ಟೇ.

ಅವನು ಇವತ್ತು ಬಂದನಾ ಎಂದು ಕೇಳಬೇಕೆಂದು ತುಟಿಯವರೆಗೂ ಬಂತು. ಕೇಳಲಿಲ್ಲ. ಅವರು ಉಂಡು ಮುಗಿಸುವವರೆಗೂ ಅಲ್ಲೇ ಕೂತಿದ್ದೆ, ಅಲುಗಾಡದೆ.