ಗೌರಿ ಒತ್ತಿದ ತಂಬಿಟ್ಟು

ಆ ಮಂಗಳವಾರ ಬೆಳಿಗ್ಗೆ ಮಳೆ ನಿಂತಿತ್ತು. ಮೋಡ ಮಾತ್ರ ಮೇಲೇಳದೆ ಅಂತರಸಂತೆಯ ಹೆಂಚುಗಳ ಮೇಲೆಯೇ ಕೂತಿತ್ತು. ಕಾಡಿನ ಕಡೆಯಿಂದ ಹಸಿ ಎಲೆಯ ವಾಸನೆ ಹೊತ್ತ ತಣ್ಣನೆಯ ಗಾಳಿ ಬರುತ್ತಿತ್ತು. ಸಾವಿರದ ಒಂಬೈನೂರ ಐವತ್ತನಾಲ್ಕರ ಶ್ರಾವಣ ಅದು. ಮಠದ ಅಂಗಳದಲ್ಲಿ ನಾನು ಎತ್ತುಗಳ ಮೈ ಒರೆಸುತ್ತಿದ್ದೆ. ಆಗ ಪಟೇಲ ಚಿಕ್ಕಬಸಪ್ಪನವರು ಮೆಟ್ಟು ಕೈಯಲ್ಲಿ ಹಿಡಿದು, ಕೆಸರು ತುಳಿಯುತ್ತ ಬಂದರು.

"ಮುದ್ದಯ್ಯ, ಅಯ್ನೋರು ಎದ್ದವ್ರಾ?"

ಅಯ್ಯನವರು, ಅಂದರೆ ನಮ್ಮ ಮಠದ ವೀರಭದ್ರಸ್ವಾಮಿಗಳು, ಆಗಲೇ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. ಹುಣಸೂರಿನಿಂದ ತಾಲ್ಲೂಕು ಊರಾದ ಕೋಟೆಯವರೆಗೆ ಯಾರ ಮನೆಯಲ್ಲಿ ಏನು ಬಿಡಿಸಲಾಗದ ಗಂಟು ಬಿದ್ದರೂ ಜನ ಅವರನ್ನೇ ಕರೆಯುತ್ತಿದ್ದರು. ಇಪ್ಪತ್ತು ವರ್ಷ ಅವರ ಗಾಡಿ ಹೊಡೆದವನು ನಾನು. ನನಗೆ ಅಕ್ಷರ ಕಲಿಸಿದವರೂ ಅವರೇ.

"ಗುರುಶಾಂತಮ್ಮನೋರು ನಿನ್ನೆ ಬೈಗೆ ಹೋಗ್ಬುಟ್ರು ಸ್ವಾಮಿ," ಎಂದರು ಪಟೇಲರು. "ಪೂಜೆ ಮಾಡಿ ತಂಬಿಟ್ಟು ತಿಂದೋರು ಬರೀ ವಾಂತಿ. ಬಿದ್ದ ಚೂರು ನೆಕ್ಕಿದ ಬೆಕ್ಕೂ ಸತ್ತದೆ. ಸೊಸೆ ನೀಲಾಂಬಿಕೆನೇ ವಿಷ ಇಕ್ಕವ್ಳೆ ಅಂತಾವ್ರೆ. ಪೊಲೀಸ್ ದಫೇದಾರ್ರು ಬಂದವ್ರೆ, ಮಧ್ಯಾಹ್ನಕ್ಕೆ ಕೋಟೆಗೆ ಕರ್ಕೊಂಡು ಹೋಯ್ತಾರಂತೆ. ಎರಡೂವರೆ ವರ್ಷದ ಕೂಸು ಸ್ವಾಮಿ ಅವಳದು. ತಂದೆ ಇಲ್ಲ. ಇನ್ನು ತಾಯೂ ಇಲ್ಲ ಅಂದ್ರೆ..."

"ಅತ್ತೆ ಸೊಸೆಗೆ ಜಗಳವಿತ್ತೇನು?"

"ಎಲ್ಲಿ ಜಗಳ! ಬರೋ ಶುಕ್ರವಾರ ಆಯಮ್ಮ ಗದ್ದೆನ ಮೊಮ್ಮಗಳ ಹೆಸರಿಗೆ ಬರ್ಸೋರಿದ್ರು. ಸಾಕ್ಷಿ ಹಾಕು ಅಂತ ನನಗೇ ಹೇಳಿದ್ರು."

ನಾವು ಆ ಮನೆ ತಲುಪಿದಾಗ ಗುರುಶಾಂತಮ್ಮನವರನ್ನು ನಡುಮನೆಯಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದರು. ಅಯ್ಯನವರು ಕೈಮುಗಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಪಕ್ಕದಲ್ಲಿ ತೀರಿಹೋದವರ ತಮ್ಮ ಕಂಠಪ್ಪ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಕ್ಕನ ಗಂಡ ತೀರಿಕೊಂಡ ಮೇಲೆ ಈ ಮನೆಗೆ ಬಂದು, ಒಂಬತ್ತು ವರ್ಷದಿಂದ ಬೇಸಾಯ ನೋಡಿಕೊಳ್ಳುತ್ತಿದ್ದವನು. ಅವನ ಹೆಂಡತಿ ಮಂಗಳಮ್ಮ, ಮಕ್ಕಳಿಲ್ಲದಾಕೆ, ನೀಲಾಂಬಿಕೆಯ ಕೂಸು ಗೌರಿಯನ್ನು ಸೊಂಟದಲ್ಲಿ ಎತ್ತಿಕೊಂಡು ಕಂಬಕ್ಕೆ ಒರಗಿದ್ದಳು. ಮಗು "ಅವ್ವ ಬೇಕು" ಎಂದು ಅತ್ತು ಅತ್ತು ಬಿಕ್ಕುತ್ತಿತ್ತು. ತಾಯಿ ಅಡುಗೆಮನೆಯಲ್ಲೇ ಇದ್ದಳು, ಆದರೆ ಬಾಗಿಲಿಗೆ ಪೇದೆ ಕಾವಲಿದ್ದ.

"ರಾಗಿ ಮಡಕೆ ಹಿಂದೆ ಇಲಿ ಪಾಷಾಣ ಇತ್ತು ಸ್ವಾಮಿ. ನಾನೇ ಹುಡುಕಿ ಕೊಟ್ಟೆ," ಎಂದ ಕಂಠಪ್ಪ. "ಇವಳು ಮಾಡಿದ್ದನ್ನೇ ಅಕ್ಕ ತಿಂದದ್ದು. ಇನ್ನೇನು ಬೇಕು?"

ದಫೇದಾರರು ಪೂಜೆಯ ಕೋಣೆಯಿಂದ ತಂದ ಬೆಳ್ಳಿಬಟ್ಟಲನ್ನು ತೋರಿಸಿದರು. ಅದರಲ್ಲಿ ಉಳಿದ ತಂಬಿಟ್ಟಿತ್ತು. ಮುದುಕಿ ಪಕ್ಕದಿಂದ ಮೂರರಲ್ಲೊಂದು ಪಾಲು ಮುರಿದು ತಿಂದಿದ್ದರು. ಅಯ್ಯನವರು ಅದನ್ನು ಎಲೆಯಲ್ಲಿ ಹಿಡಿದು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಎರಡು ಕಡೆಯೂ ನುಣುಪು. ಮೂಗಿನ ಹತ್ತಿರ ತಂದು ನನ್ನತ್ತಲೂ ಚಾಚಿದರು. ಕೊಬ್ಬರಿ ಕಮಟು ವಾಸನೆ ಹೊಡೆಯುತ್ತಿತ್ತು.

ಅಡುಗೆಮನೆಯಲ್ಲಿ ನೀಲಾಂಬಿಕೆ ಒಲೆಯ ಬಳಿ ಮುದುಡಿ ಕೂತಿದ್ದಳು. ತಟ್ಟೆಯಲ್ಲಿ ಆರು ತಂಬಿಟ್ಟುಗಳಿದ್ದವು. ಒಂದೊಂದರ ನೆತ್ತಿಯಲ್ಲೂ ಕಡಲೆಕಾಳು ಕೂರುವಷ್ಟು ಚಿಕ್ಕ ಗುಳಿ. ಅಯ್ಯನವರು ಅವನ್ನೂ ಮೂಸಿದರು. ಹುರಿಗಡಲೆ, ಬೆಲ್ಲ, ಹೊಸ ಕೊಬ್ಬರಿ, ತಾಜಾ ತುಪ್ಪದ ಘಮ.

"ಇವನ್ನು ಯಾರು ಮಾಡಿದ್ದು ತಾಯಿ?"

"ನಾನು ಗೌರಿ ಇಬ್ರೂವೆ. ಪ್ರತಿ ಸೋಮವಾರ ಅವಳಿಗೆ ಇದೇ ಆಟ. ಬೆಲ್ಲ ಕುಟ್ಟಿ ಕೊಟ್ರೆ ಅರ್ಧ ಬಾಯಿಗೆ, ಅರ್ಧ ಹಿಟ್ಟಿಗೆ. ಮೂತಿಗೆಲ್ಲ ಹಿಟ್ಟು ಮೆತ್ಕೊಂಡು, ನಾನು ಉಂಡೆ ಕಟ್ಟಿ ಇಡ್ತಿದ್ದಂಗೆ ‘ಕುಕ್ಕೂ’ ಅಂತ ಬೆರಳು ಒತ್ತಾಳೆ. ಒಂದು ಬುಟ್ರೂ ರಚ್ಚೆ." ಅವಳ ಮುಖದಲ್ಲಿ ನಗು ಮೂಡುತ್ತಿದ್ದಂತೆಯೇ ಕಣ್ಣಲ್ಲಿ ನೀರು ಬಂತು. "ನಿನ್ನೆ ಎಂಟು ಮಾಡಿದ್ದು. ಒಂದು ಪೂಜೆಗೆ. ಒಂದು ಗೌರಿ ತಿಂದ್ಲು."

"ಹೋದ ವಾರದ್ದು ಉಳಿದಿತ್ತೇ?"

"ಇಲ್ಲ. ಕೊನೇದನ್ನ ಕಂಠಪ್ಪ ಮಾವ ಹೊಲಕ್ಕೆ ಅಂತ ಕಟ್ಟಿಸ್ಕೊಂಡ್ರು."

"ಪೂಜೆಯ ಉಂಡೆಯನ್ನು ಮಗು ಮುಟ್ಟಲಿಲ್ಲ ತಾನೆ?"

ಅವಳು ಬೆಚ್ಚಿ ತಲೆ ತಗ್ಗಿಸಿದಳು. ಬೆರಳು ನೆಕ್ಕುವ ಮಗು ಮುಟ್ಟಿದ್ದು ಎಂಜಲು. ಅದನ್ನು ಲಿಂಗಕ್ಕೆ ಎಡೆ ಹಿಡಿಯುವವರಿಲ್ಲ. ಕೊನೆಗೆ ಅವಳೇ ಹೇಳಿದಳು.

"ತಪ್ಪಾಯ್ತು ಸ್ವಾಮಿ. ಅತ್ತೆನೇ ಹೇಳಿದ್ದು. ‘ನನ್ನ ಲಿಂಗಯ್ಯಂಗೆ ಗೌರಿ ಬೆರಳು ಎಂಜಲಾಗಾಕಿಲ್ಲ ಕಣೆ, ಅವಳು ಒತ್ತಿದ್ದನ್ನೇ ಇಡು’ ಅಂತ. ಯಾರಿಗೂ ಹೇಳ್ಬ್ಯಾಡ ಅಂದಿದ್ರು. ಮಾವ ಕಂಡ್ರೆ ರೇಗ್ತಾರೆ ಅಂತ ಗುಳಿ ಕೆಳಗೆ ಮಾಡಿ ಇಡ್ತಿದ್ದೆ. ಅತ್ತೆ ಸ್ನಾನಕ್ಕೆ ಹೋಗೋ ಮುಂಚೆ ಇಟ್ಟು ಬಂದೆ."

"ತಿನ್ನುವಾಗ ಅವರು ಏನಾದರೂ ಅಂದರೇ?"

"‘ಇವತ್ತು ನಮ್ಮವ್ವ ಕುಕ್ಕಿಲ್ವೇನೆ?’ ಅಂತ ಕೂಗಿದ್ರು. ಗೌರಿನ ಅವ್ವ ಅಂತ್ಲೇ ಕರೆಯೋರು. ‘ಕುಕ್ಕವ್ಳೆ ಅತ್ತೆ, ತಿರುಗಿಸಿ ನೋಡಿ’ ಅಂದೆ. ಅವರ ಕಣ್ಣು ಮಂಜಲ್ವಾ, ಕಾಣ್ನಿಲ್ಲ ಅಂದ್ಕೊಂಡೆ."

ನನಗೆ ಏನೂ ತಿಳಿಯಲಿಲ್ಲ. ಅಯ್ಯನವರು ಹೊರಗೆ ಬಂದು ಬೀದಿ ಜಗಲಿಯ ಮೇಲೆ ಕುಳ್ಳಮ್ಮನ ಪಕ್ಕ ಕೂತರು. ಎರಡು ಕಣ್ಣೂ ಹೋದ, ಭಿಕ್ಷೆ ಬೇಡಿ ಬದುಕುವ ಮುದುಕಿ ಅವಳು. ಸೋಮವಾರ ಅವಳು ಆ ಜಗಲಿ ತಪ್ಪಿಸುತ್ತಿರಲಿಲ್ಲ; ಇಂದು ಸಾವಿನ ಸುದ್ದಿ ಕೇಳಿ ಬಂದಿದ್ದಳು.

"ನಿನ್ನೆ ಇಲ್ಲಿ ಏನಾದರೂ ಸಿಕ್ಕಿತೇ ಕುಳ್ಳವ್ವ?"

"ಸಿಕ್ತು ಕಣಪ್ಪ, ತಂಬಿಟ್ಟು. ಕಂಠಪ್ಪನೋರು ಎಲೇಲಿ ಸುತ್ತಿ ಕೈಯಾಗೆ ಇಟ್ಟು ‘ಇಲ್ಲೇ ತಿನ್ನು’ ಅಂದ್ರು. ಎಂದೂ ಒಂದು ಹಿಡಿ ಹಿಟ್ಟು ಕೊಡ್ದಿದ್ದೋರು! ನಡುವೆ ಒಂದು ತೂತು, ಇಷ್ಟೇ ಇಷ್ಟು. ನನ್ನ ಕಿರುಬೆರಳೂ ಇಳೀನಿಲ್ಲ. ಕೊಡೋಕೆ ಮುಂಚೆ ಇಲಿಗೆ ರುಚಿ ತೋರ್ಸವ್ನೆ ಅಂತ ನಕ್ಕೊಂಡು ತಿಂದೆ."

"ಯಾವ ಹೊತ್ತಿನಲ್ಲಿ?"

"ಅಮ್ಮಾವ್ರು ಇನ್ನೂ ಬಚ್ಚಲಲ್ಲಿ ನೀರು ಹುಯ್ಕೋತಿದ್ರು. ಸದ್ದು ಕೇಳ್ತಿತ್ತು."

ಅಯ್ಯನವರು ಅವಳ ಕೈಯನ್ನು ತಮ್ಮ ಎರಡು ಕೈಗಳಲ್ಲಿ ಹಿಡಿದುಕೊಂಡರು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಆಮೇಲೆ ಎಲ್ಲರನ್ನೂ ನಡುಮನೆಗೆ ಕರೆಸಿದರು. ನೀಲಾಂಬಿಕೆಯನ್ನೂ, ಕುಳ್ಳಮ್ಮನನ್ನೂ.

"ಮಗು ಒಂದು ಉಂಡೆ ತಿಂದು ಚೆನ್ನಾಗಿದೆ," ಎಂದು ಅವರು ಮೆಲ್ಲನೆ ಆರಂಭಿಸಿದರು. "ಅಂದರೆ ವಿಷವಿದ್ದದ್ದು ಪೂಜೆಯ ಬಟ್ಟಲಿನ ಉಂಡೆಯಲ್ಲಿ ಮಾತ್ರ. ದಫೇದಾರರೆ, ಈ ಆರನ್ನೂ ನೋಡಿ. ಎಲ್ಲದರಲ್ಲೂ ಮಗುವಿನ ಬೆರಳ ಗುಳಿ ಇದೆ. ಬಟ್ಟಲಿನದರಲ್ಲಿ ಇಲ್ಲ."

"ಇರಬಾರ್ದು ಸ್ವಾಮಿ!" ಎಂದ ಕಂಠಪ್ಪ. "ಎಡೆಗೆ ಇಡೋದನ್ನ ಮಗು ಕೈಗೆ ಕೊಟ್ಟಾರಾ? ಅದನ್ನ ಬೇರೆ ಮಾಡಿರ್ತಾಳೆ. ಅದ್ರಲ್ಲೇ ಪಾಷಾಣ ಬೆರ್ಸವ್ಳೆ."

"ನೀನು ಹಾಗೆ ನಂಬಿದ್ದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ನಂಬುತ್ತಿದ್ದೆ. ಆದರೆ ನಿನ್ನ ಅಕ್ಕ ಮೊಮ್ಮಗಳು ಬೆರಳೊತ್ತಿದ ಉಂಡೆಯನ್ನೇ ಎಡೆಗೆ ಇಡಿಸುತ್ತಿದ್ದರು. ಅದು ಅವರಿಗೂ ಸೊಸೆಗೂ ಮಾತ್ರ ಗೊತ್ತಿತ್ತು. ಸೊಸೆ ವಿಷವಿಟ್ಟಿದ್ದರೆ ಆ ಉಂಡೆಗೂ ಗುಳಿ ಒತ್ತಿಸುತ್ತಿದ್ದಳು."

"ಇದು ಅವಳು ಕಟ್ಟಿದ ಕತೆ!"

ಆಗ ಕಂಬದ ಬಳಿಯಿಂದ ಮಂಗಳಮ್ಮನ ಸಣ್ಣ ದನಿ ಕೇಳಿತು. "ಕತೆ ಅಲ್ಲ. ‘ನಮ್ಮವ್ವ ಕುಕ್ಕಿಲ್ವೇನೆ’ ಅಂತ ಅತ್ತಿಗೆ ಕೂಗಿದ್ದು ಹಿತ್ತಲಿಗೆ ಕೇಳಿಸ್ತು. ಇವಳು ‘ತಿರುಗಿಸಿ ನೋಡಿ’ ಅಂದದ್ದೂ ಕೇಳಿಸ್ತು."

ಕಂಠಪ್ಪ ಹೆಂಡತಿಯತ್ತ ತಿರುಗಿದ. ಅವಳು ಮಗುವಿನ ತಲೆಯ ಮೇಲೆ ಗದ್ದ ಊರಿ ನೆಲ ನೋಡುತ್ತಿದ್ದಳು.

"ಹಾಗಾದರೆ ಸೊಸೆ ಇಟ್ಟ ಉಂಡೆ ಎಲ್ಲಿ ಹೋಯಿತು?" ಅಯ್ಯನವರು ಮುಂದುವರಿಸಿದರು. "ಅತ್ತೆ ಬಚ್ಚಲಲ್ಲಿದ್ದಾಗಲೇ ಅದು ಎಲೆಯಲ್ಲಿ ಸುತ್ತಿಕೊಂಡು ಜಗಲಿಗೆ ಬಂತು. ಅದರ ಗುಳಿ ಕುಳ್ಳಮ್ಮನ ಬೆರಳಿಗೆ ತಾಗಿದೆ. ಹೋದ ಸೋಮವಾರದ ಒಂದು ಉಂಡೆ ನಿನ್ನ ಹತ್ತಿರ ಉಳಿದಿತ್ತು ಕಂಠಪ್ಪ. ಅದನ್ನು ಪುಡಿಮಾಡಿ, ಪಾಷಾಣ ಸೇರಿಸಿ, ತುಪ್ಪ ಹಾಕಿ ಮತ್ತೆ ನುಣ್ಣಗೆ ಕಟ್ಟಿದೆ. ಹಳೆಯ ಕೊಬ್ಬರಿಯ ಕಮಟು ಮಾತ್ರ ಉಳಿಯಿತು. ಸೊಸೆ ಬಟ್ಟಲಲ್ಲಿಟ್ಟ ಉಂಡೆಯ ಗುಳಿ ಕೆಳಗಿತ್ತು. ದೀಪದ ಮಬ್ಬಿನಲ್ಲಿ, ಆತುರದಲ್ಲಿ, ನೀನು ಅದನ್ನು ತಿರುಗಿಸಿ ನೋಡಲಿಲ್ಲ. ಎಡೆಯ ಉಂಡೆಯನ್ನು ಪೂಜೆ ಮಾಡಿದವರಿಗಿಂತ ಮೊದಲು ಯಾರೂ ಮುಟ್ಟುವುದಿಲ್ಲ, ಮಗುವಿಗೆ ಅಪಾಯವಿಲ್ಲ ಎಂದೂ ಲೆಕ್ಕ ಹಾಕಿದ್ದೆ. ಶುಕ್ರವಾರಕ್ಕೆ ಮುಂಚೆ ಅಕ್ಕ ಹೋಗಿ, ಸೊಸೆ ಜೈಲು ಸೇರಿದರೆ, ಮಗುವೂ ಗದ್ದೆಯೂ ನಿನ್ನ ಕೈಯಲ್ಲೇ."

"ಆ ಗುಳಿಯ ಉಂಡೆಯನ್ನು ತಿಪ್ಪೆಗೆ ಎಸೆದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲವಲ್ಲ," ಎಂದರು ದಫೇದಾರರು.

"ಎಸೆಯಲು ಕೈ ಬರಲಿಲ್ಲ. ಲಿಂಗಕ್ಕೆಂದು ಇಟ್ಟದ್ದನ್ನು ತಿಪ್ಪೆಗೆ ಹಾಕಬಾರದು ಎಂದು ಅವನ ತಾಯಿ ಕಲಿಸಿದ್ದಾಳೆ. ತಾನೇ ತಿನ್ನಲೂ ಮನಸ್ಸು ಒಪ್ಪಲಿಲ್ಲ. ಒಡಹುಟ್ಟಿದವಳಿಗೆ ವಿಷವಿಕ್ಕಿದ ಕೈ ಒಂದು ಉಂಡೆ ತಂಬಿಟ್ಟನ್ನು ಬಿಸಾಡಲು ಅಂಜಿತು." ಅಯ್ಯನವರು ಶಿವ ಶಿವಾ ಎಂದರು.

ಕಂಠಪ್ಪ ಅಕ್ಕನ ಮುಖ ನೋಡಿದ. "ಒಂಬತ್ತು ವರ್ಷ ಉತ್ತೆ," ಎಂದ. "ಬರ್ಸೋಕೆ ಮುಂಚೆ ಒಂದು ಮಾತು ಕೇಳ್ನಿಲ್ಲ ಇವಳು." ದಫೇದಾರರು ಎಬ್ಬಿಸಿದಾಗ ತಾನೇ ಕೈ ಮುಂದೆ ಚಾಚಿದ.

ಅವನನ್ನು ಹೊರಗೆ ಕರೆದೊಯ್ದರು. ಜನ ಬೀದಿಗೆ ನುಗ್ಗಿದರು. ಮಂಗಳಮ್ಮ ಗಂಡನ ಹಿಂದೆ ಹೊಸ್ತಿಲವರೆಗೆ ಹೋಗಿ ನಿಂತಳು. ಗೌರಿ ಆಗಲೇ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬೆಳಿಗ್ಗೆ ಮಗುವನ್ನು ಮೀಯಿಸಿ, ಕಾಡಿಗೆ ಹಚ್ಚಿ, ತಲೆ ಬಾಚಿದವಳು ಮಂಗಳಮ್ಮನೇ. ಸ್ವಲ್ಪ ಹೊತ್ತು ಮಗುವಿನ ಬೆನ್ನು ತಟ್ಟುತ್ತ ಅಲ್ಲೇ ನಿಂತಿದ್ದು ಒಳಗೆ ತಿರುಗಿ ಬಂದಳು.

ನೀಲಾಂಬಿಕೆ ಅತ್ತೆಯ ಪಾದದ ಬಳಿ ಕೂತಿದ್ದಳು. ಮಂಗಳಮ್ಮ ಎದುರಿಗೆ ಮಂಡಿಯೂರಿದಳು. ತನ್ನ ಸೆರಗನ್ನು ಹಿಡಿದಿದ್ದ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನಿದ್ದೆ ಕೆಡದಂತೆ ತಾಯಿಯ ಮಡಿಲಿಗೆ ಇಳಿಸಿದಳು.

"ಹಾಲು ಕುಡ್ದವ್ಳೆ," ಎಂದಳು.